ಅಲಾರ್ಮ್ ಎ, ಅಲಾರ್ಮ್ ಬಿ

ಮೊದಲ ದಿನ ಅದು ಆರು ಗಂಟೆಯಾಯ್ತು ಅಂತ ಕೂಗಿಕೊಂಡಾಗ ಕುಂದಲಹಳ್ಳಿಯಲ್ಲಿ 7:24 ಆಗಿತ್ತು. ಏಳೂವರೆಗೆ ನನಗೊಂದು ಕಾಲ್. ಹಲ್ಲುಜ್ಜದೆ, ಕ್ಯಾಮೆರಾ ಆಫ್ ಮಾಡಿಕೊಂಡು ಕೂತು, ಬಾರದ ನೆಟ್‌ವರ್ಕಿನ ಮೇಲೆ ತಪ್ಪು ಹಾಕಿದೆ. ಪಕ್ಕದಲ್ಲಿ ಆ ಕಪ್ಪು ಡಬ್ಬಿ ಕೆಂಪು ಅಂಕಿಗಳಲ್ಲಿ 6:05 ತೋರಿಸುತ್ತಾ, ಏನೂ ಆಗದವರ ಹಾಗೆ ಕೂತಿತ್ತು.

ಅದು ಕ್ಲಾಕ್ ರೇಡಿಯೋ. ಹಾಸಿಗೆ ಪಕ್ಕ ಇಡೋದು. ಗಡಿಯಾರ, ಅಲಾರ್ಮ್, ರೇಡಿಯೋ ಮೂರೂ ಒಂದರಲ್ಲೇ. ನ್ಯೂಜೆರ್ಸಿಯಲ್ಲಿರೋ ಭಾವ ಯಾರದೋ ಮನೆಯ ಗ್ಯಾರೇಜ್ ಸೇಲ್‌ನಲ್ಲಿ ಐದು ಡಾಲರಿಗೆ ಹಿಡಿದು, ನಮ್ಮ ಗೃಹಪ್ರವೇಶಕ್ಕೆ ಉಡುಗೊರೆ ಅಂತ ತಂದುಕೊಟ್ಟಿದ್ದರು. ಸುಮ್ಮನೆ ತಂದದ್ದಲ್ಲ. ಹಿಂದಿನ ವಾರ ಅಕ್ಕನ ಹತ್ತಿರ ಫೋನಲ್ಲಿ ಮಾತಾಡುವಾಗ ನನ್ನ ಹೆಂಡತಿ, "ನಾವಿಬ್ರೂ ಮಲಗೋದು ಅಂದ್ರೆ ಬೆನ್ನಿಗೆ ಬೆನ್ನು ಕೊಟ್ಕೊಂಡು ಎರಡು ಫೋನ್ ನೋಡೋದು ಅಷ್ಟೇ ಅಕ್ಕಾ" ಅಂದುಬಿಟ್ಟಿದ್ದಳು. ನಗ್ತಾ ಹೇಳಿದ್ದು ನಿಜ. ಅಕ್ಕ ನಗಲಿಲ್ಲ.

ಅಮೆರಿಕದ ಸೆಟ್ಟು, 120 ವೋಲ್ಟಿನದು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಹೊಗೆ ಗ್ಯಾರಂಟಿ. ಇಷ್ಟು ತಿಳುವಳಿಕೆ ನನಗಿತ್ತು. ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ತಂದು, ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಟೈಮ್ ಕೂಡಿಸಿ, ಇಂಜಿನಿಯರ್ ಅನ್ನೋ ಹೆಮ್ಮೆಯಲ್ಲೇ ಮಲಗಿದ್ದೆ. ಬೆಳಗಿನ ಅವಮಾನದ ನಂತರ ಆ ಶನಿವಾರ ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋದರೆ, ಅಲ್ಲಿನ ಮೆಕ್ಯಾನಿಕ್ ಮುಚ್ಚಳ ತೆಗೆಯೋಕೆ ಮುಂಚೆಯೇ ಹೇಳಿದ: "ವೋಲ್ಟೇಜ್ ಸರಿ ಮಾಡಿದೀರ ಸಾರ್. ಸೈಕಲ್ ಯಾರು ಸರಿ ಮಾಡ್ತಾರೆ?"

ವಿಷಯ ಇಷ್ಟು. ಈ ಥರದ ಹಳೆಯ ಗಡಿಯಾರಗಳಿಗೆ ಸ್ವಂತ ನಾಡಿ ಇಲ್ಲ. ಗೋಡೆಯ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹೊಯ್ದಾಡುತ್ತೋ ಅದನ್ನು ಎಣಿಸಿಕೊಂಡೇ ಸಮಯ ಹೇಳ್ತವೆ. ಅಮೆರಿಕದಲ್ಲಿ ಅದು 60, ನಮ್ಮಲ್ಲಿ 50. ಅರವತ್ತು ಎಣಿಸಿದರೆ ಒಂದು ಸೆಕೆಂಡು ಅಂತ ಕಲಿತು ಬಂದದ್ದು ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತೆ. ಏಳು ಗಂಟೆ ನಿದ್ದೆಗೆ ಬೇಕಾದ ಎಣಿಕೆ ಮುಗಿಯೋಕೆ ಎಂಟು ಗಂಟೆ ಇಪ್ಪತ್ತನಾಲ್ಕು ನಿಮಿಷ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತೆ, ಈ ಹೊಯ್ದಾಟವನ್ನಲ್ಲ. ಪುಣ್ಯಕ್ಕೆ ಒಳಗಿನ ಚಿಪ್ಪಿಗೆ ಎರಡೂ ಲೆಕ್ಕ ಗೊತ್ತಿತ್ತು. ಮೆಕ್ಯಾನಿಕ್ ಒಂದು ಕಡೆ ಸಣ್ಣ ತಂತಿ ಬೆಸುಗೆ ಹಾಕಿ ಐವತ್ತಕ್ಕೆ ತಿರುಗಿಸಿಕೊಟ್ಟ. ಐದು ನಿಮಿಷದ ಕೆಲಸ. ಕೂಲಿ ಮಾತ್ರ ಭಾವ ಕೊಟ್ಟ ಬೆಲೆಗಿಂತ ಜಾಸ್ತಿ!

ಇದು ಗೊತ್ತಾದ ಮೇಲೆ ಆ ಡಬ್ಬಿಯ ಮೇಲೆ ಸ್ವಲ್ಪ ಗೌರವ ಬಂತು ಅಂತ ಒಪ್ಪಿಕೊಳ್ತೀನಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಹಾಕಿ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಗ್ರಿಡ್ಡಿಗೆ ಜೋಡಿಸಿದರು. ಅಂದಿನಿಂದ ಕಾಶ್ಮೀರದ ಫ್ಯಾನೂ ಕುಂದಲಹಳ್ಳಿಯ ನನ್ನ ಗಡಿಯಾರವೂ ಒಂದೇ ತಾಳಕ್ಕೆ. ತಾಳ ತಪ್ಪಿದರೆ ಏನಾಗುತ್ತೆ ಅಂತ ಯುರೋಪಿನವರನ್ನು ಕೇಳಬೇಕು. 2018ರ ಆರಂಭದಲ್ಲಿ ಸರ್ಬಿಯಾ-ಕೊಸೊವೊ ನಡುವಿನ ಕರೆಂಟ್ ಜಗಳದಿಂದ ಅಲ್ಲಿನ ಗ್ರಿಡ್ಡು 50ಕ್ಕಿಂತ ಕೂದಲೆಳೆಯಷ್ಟು ನಿಧಾನವಾಗಿ, ಮಾರ್ಚ್ ಹೊತ್ತಿಗೆ ಹತ್ತಾರು ದೇಶಗಳ ಓವನ್ನು, ಕ್ಲಾಕ್ ರೇಡಿಯೋಗಳೆಲ್ಲ ಸುಮಾರು ಆರು ನಿಮಿಷ ಹಿಂದೆ ಬಿದ್ದಿದ್ದವು. ಎಲ್ಲೋ ಇಬ್ಬರು ಬಿಲ್ಲಿಗೆ ಜಗಳ ಆಡಿದ್ದಕ್ಕೆ ಇನ್ನೆಲ್ಲೋ ಒಬ್ಬ ಆಫೀಸಿಗೆ ಲೇಟು.

ಇನ್ನು ಬಳಕೆಯ ಮಾತು. ಇದನ್ನು ವಿನ್ಯಾಸ ಮಾಡಿದವರು ಕತ್ತಲಲ್ಲಿ ಒಂದು ಸಲವಾದರೂ ಇದನ್ನು ಮುಟ್ಟಿ ನೋಡಿದ್ದರಾ ಅಂತ ನನಗೆ ಅನುಮಾನ. ನೆತ್ತಿಯ ಮೇಲೆ ಒಂದೇ ಆಕಾರದ ಬಟನ್ನುಗಳ ಸಾಲು. ಸ್ನೂಜ್ ಮಾತ್ರ ಅಂಗೈಯಗಲ. ಸೋಮಾರಿತನಕ್ಕೆ ಕೊಟ್ಟಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಕೊಟ್ಟಿಲ್ಲ. (ಈ ಸ್ನೂಜನ್ನು ಗಡಿಯಾರದ ಅಂಗಡಿಗೆ ತಂದವರು ಜನರಲ್ ಎಲೆಕ್ಟ್ರಿಕ್-ಟೆಲಿಕ್ರಾನ್‌ನವರು, 1956ರಲ್ಲಿ. ನನ್ನ ಅನೇಕ ಸ್ಟ್ಯಾಂಡಪ್ ಮೀಟಿಂಗುಗಳ ಪಾಪ ಅವರಿಗೇ ಸೇರಬೇಕು.) ಬೆಳಿಗ್ಗೆಯೋ ಸಂಜೆಯೋ ಅಂತ ಹೇಳೋಕೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಅದನ್ನು ಗಮನಿಸದೆ ಒಂದು ಸಲ ಸಂಜೆ ಆರಕ್ಕೆ ಅಲಾರ್ಮ್ ಇಟ್ಟಿದ್ದೆ. ಟೈಮ್ ಕೂಡಿಸೋ ಬಟನ್ನು ಮುಂದಕ್ಕೆ ಮಾತ್ರ ಓಡುತ್ತೆ. ಒಂದು ನಿಮಿಷ ದಾಟಿಸಿಬಿಟ್ಟರೆ ಇಡೀ ದಿನವನ್ನು ಸುತ್ತಿ ಬರಬೇಕು.

ಎಲ್ಲಕ್ಕಿಂತ ದೊಡ್ಡ ದಡ್ಡತನ ವಾಲ್ಯೂಮಿನದು. ರಾತ್ರಿ ಕೇಳುವ ರೇಡಿಯೋಗೂ ಬೆಳಿಗ್ಗೆ ಎಬ್ಬಿಸುವ ರೇಡಿಯೋಗೂ ಒಂದೇ ತಿರುಗಣೆ. ನಿದ್ದೆ ಬರಲಿ ಅಂತ ಹತ್ತೂವರೆಗೆ ಪಿಸುಗುಟ್ಟುವಷ್ಟು ಇಳಿಸಿದರೆ, ಬೆಳಿಗ್ಗೆ ಆರಕ್ಕೂ ಅದು ಪಿಸುಗುಟ್ಟುತ್ತೆ. ಹಾಗೆ ಪಿಸುಗುಟ್ಟಿದ್ದು ಯಾರಿಗೂ ಕೇಳಿಸದೆ ಎರಡು ಸಲ ಕ್ಯಾಬ್ ತಪ್ಪಿದೆ. ಬಜರ್ ಇಡಬಹುದಲ್ಲ ಅಂತೀರಾ? ಅದಕ್ಕೆ ವಾಲ್ಯೂಮೇ ಇಲ್ಲ. ಲಾರಿ ರಿವರ್ಸ್ ತೆಗೆಯೋ ಶಬ್ದ. ನಮ್ಮ ಬೀದಿಯಲ್ಲಿ ಐದು ಗಂಟೆಗೆ ನೀರಿನ ಟ್ಯಾಂಕರ್ ಅದನ್ನು ಉಚಿತವಾಗಿ ಮಾಡುತ್ತೆ, ಅದಕ್ಕೆ ಪ್ರತ್ಯೇಕ ಯಂತ್ರ ಬೇಕಿಲ್ಲ.

ಆದರೂ ಇದನ್ನು ಅಟ್ಟಕ್ಕೆ ಎಸೆಯದೆ ಇದ್ದದ್ದು ರೇಡಿಯೋ ಕಾರಣಕ್ಕೆ. ಫೋನಿನ ಅಲಾರ್ಮಿಗೆ ನಾನೇ ಆರಿಸಿದ ಹಾಡು ಇಟ್ಟಿದ್ದೆ. ಇಷ್ಟದ ಹಾಡನ್ನು ದ್ವೇಷಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಮೂರೇ ವಾರ ಸಾಕು. 'ಗ್ರೌಂಡ್‌ಹಾಗ್ ಡೇ' ಸಿನಿಮಾದಲ್ಲಿ ಕ್ಲಾಕ್ ರೇಡಿಯೋ 5:59ರಿಂದ 6:00ಕ್ಕೆ ಹೊರಳಿ ದಿನಾ ಅದೇ ಹಾಡು ಹಾಡೋದು ನೋಡಿ ಎಲ್ಲರೂ ನಗ್ತಾರೆ. ನಿಜವಾದ ಕ್ಲಾಕ್ ರೇಡಿಯೋ ಎಂದೂ ಹಾಗೆ ಮಾಡಲ್ಲ, ಹಾಗೆ ಮಾಡೋದು ನಮ್ಮ ಫೋನು. ರೇಡಿಯೋದಲ್ಲಿ ಏನು ಬರುತ್ತೆ ಅಂತ ಆರಿಸೋ ಅಧಿಕಾರ ನನಗಿಲ್ಲ, ಸ್ಟೇಷನ್ ಮಾತ್ರ ನನ್ನದು. ದಿನವಿಡೀ ಡ್ರಾಪ್‌ಡೌನ್‌ಗಳಲ್ಲಿ ಏನಾದರೊಂದನ್ನು ಆರಿಸ್ತಾನೇ ಇರೋನಿಗೆ, ಬೆಳಗಿನ ಮೊದಲ ಹತ್ತು ನಿಮಿಷ ಯಾರೋ ಹಾಕಿದ್ದನ್ನು ಕೇಳೋದು ಒಂದು ರಜೆ.

ಸ್ಟೇಷನ್ ಅಂದರೆ ಬೆಂಗಳೂರಲ್ಲಿ ಬರವಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದೇ ಇಲ್ಲಿ, 2001ರ ಜುಲೈನಲ್ಲಿ. ಆದರೆ ಕಣ್ಣು ಬಿಡೋ ಹೊತ್ತಿಗೆ ಅಷ್ಟೊಂದು ಉತ್ಸಾಹದ ಗಂಟಲು ನನಗೆ ಆಗಿಬರಲ್ಲ. ವಿವಿಧ ಭಾರತಿ 102.9, ರೇನ್‌ಬೋ 101.3, ಬರೀ ಶಾಸ್ತ್ರೀಯ ಸಂಗೀತದ ಅಮೃತವರ್ಷಿಣಿ 100.1, ಎಲ್ಲದರಲ್ಲೂ ಒಂದೊಂದು ವಾರ ಎದ್ದು ನೋಡಿ ಕೊನೆಗೆ ನಿಂತದ್ದು ಮೀಡಿಯಂ ವೇವಿನ 612ರಲ್ಲಿ, ಆಕಾಶವಾಣಿ ಬೆಂಗಳೂರು. ತಿಪಟೂರಿನ ನಮ್ಮ ಮನೆಯಲ್ಲಿ ಅಪ್ಪ ಇವತ್ತಿಗೂ ಹಾಕೋದು ಅದನ್ನೇ. ಇಲ್ಲಿ ನನ್ನ ಸೆಟ್ಟಿನ ಹಳೇತನವೇ ವರವಾಯ್ತು. ಬಟನ್ ಟ್ಯೂನಿಂಗಿನ ಅಮೆರಿಕನ್ ಸೆಟ್ಟುಗಳು ಮೀಡಿಯಂ ವೇವಲ್ಲಿ ಹತ್ತು ಹತ್ತು ಕಿಲೋಹರ್ಟ್ಸ್ ಜಿಗೀತವೆ. 610 ಆದ ಮೇಲೆ 620, ನಡುವೆ ನಮ್ಮ 612ಕ್ಕೆ ನಿಲ್ದಾಣವಿಲ್ಲ. ನಮ್ಮ ದೇಶದ ಲೆಕ್ಕ ಒಂಬತ್ತರದ್ದು. ಮುಳ್ಳು ತಿರುಗಿಸೋ ಡಯಲ್ಲಿಗೆ ಮಾತ್ರ ಈ ದೇಶ ಆ ದೇಶ ಅನ್ನೋದಿಲ್ಲ, ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತೆ.

ಮೊದಲ ವಾರ 612 ಪೂರ್ತಿ ಗೊರಗೊರ. ಸೆಟ್ಟನ್ನು ಅಡ್ಡ ತಿರುಗಿಸಿದೆ, ಉದ್ದ ತಿರುಗಿಸಿದೆ, ಪ್ರಯೋಜನವಿಲ್ಲ. ಒಂದು ರಾತ್ರಿ ನನ್ನ ಹೆಂಡತಿ ಅವಳ ಫೋನ್ ಚಾರ್ಜರನ್ನು ಗೋಡೆಯಿಂದ ಕಿತ್ತಳು, ಶಬ್ದ ಅರ್ಧಕ್ಕೆ ಇಳೀತು. ನನ್ನದನ್ನೂ ಕಿತ್ತೆ, ಪೂರ್ತಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಾರ್ಜರುಗಳು ಹಾಲಿಗೆ ಹೋದವು, ಅವುಗಳ ಹಿಂದೆ ಫೋನುಗಳೂ. ಯಾವ ಡಿಜಿಟಲ್ ಡಿಟಾಕ್ಸ್ ಲೇಖನವೂ ಮಾಡಿಸಲಾಗದ್ದನ್ನು ಒಂದು ಗೊರಗೊರ ಶಬ್ದ ಮಾಡಿಸಿತು.

ಈಗ ಎ, ಬಿ ವಿಚಾರಕ್ಕೆ ಬರ್ತೀನಿ. ಈ ಸೆಟ್ಟಿನಲ್ಲಿ ಎರಡು ಅಲಾರ್ಮ್. ಬೇರೆ ಬೇರೆ ಹೊತ್ತಿಗೆ ಏಳುವ ಗಂಡ ಹೆಂಡಿರಿಗೆ ಅಂತ. ತಯಾರಿಸಿದವನ ಮನಸ್ಸಲ್ಲಿ ಇದ್ದದ್ದು ಬಹುಶಃ ಆರಕ್ಕೊಬ್ಬರು, ಆರೂವರೆಗೊಬ್ಬರು. ನಮ್ಮಲ್ಲಿ ಎ ಆರಕ್ಕೆ, ಬಿ ಹತ್ತೂವರೆಗೆ. ಅವಳ ಕ್ಲೈಂಟು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದಾರೆ. ಪಕ್ಕದ ರೂಮಲ್ಲಿ ಕೂತು ಅವಳು ಕೆಲಸ ಮುಗಿಸಿ ಮಲಗೋದು ಮೂರೂವರೆಗೆ. ನವೆಂಬರಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನಾಲ್ಕೂವರೆ. ಹೀಗೆ ಒಂದೇ ಮಂಚದ ಮೇಲೆ ನಮ್ಮಿಬ್ಬರಿಗೂ ಸೇರಿ ಸಿಗೋ ನಿದ್ದೆ ಎರಡೂವರೆ ಗಂಟೆ. ಚಳಿಗಾಲದಲ್ಲಿ ಒಂದೂವರೆ.

ಇಲ್ಲಿ ಕ್ಲಾಕ್ ರೇಡಿಯೋದ ಮೂಲಭೂತ ದೋಷ ಬಯಲಾಗುತ್ತೆ: ಅದರ ಶಬ್ದಕ್ಕೆ ವಿಳಾಸ ಇಲ್ಲ. ದಿಂಬಿನ ಕೆಳಗೆ ಗುರ್ರೆನ್ನೋ ಫೋನು ಒಬ್ಬರನ್ನು ಮಾತ್ರ ಎಬ್ಬಿಸಬಲ್ಲದು, ಇದು ಕೋಣೆಯನ್ನೇ ಎಬ್ಬಿಸುತ್ತೆ. ಮೊದಲೆರಡು ವಾರ ನಾನು ಆರಕ್ಕೆ ಎದ್ದಾಗಲೆಲ್ಲ ಅವಳಿಗೂ ಎಚ್ಚರವಾಗಿ ಜಗಳ. ಇನ್ನೇನು ವಾಪಸ್ ಫೋನೇ ಗತಿ ಅಂದುಕೊಂಡಿದ್ದೆವು. ಆಮೇಲೆ ಒಂದು ದಿನ ಜಗಳ ನಿಂತೇ ಹೋಯ್ತು. ಯಾಕೆ ಅಂತ ಕೇಳಿದ್ದಕ್ಕೆ ಅವಳು ಹೇಳಿದಳು: "ನಾದಸ್ವರ ಕೇಳಿಸ್ತು ಅಂದ್ರೆ ನನಗಿನ್ನೂ ನಾಲ್ಕೂವರೆ ಗಂಟೆ ಇದೆ ಅಂತ. ಅದು ಕೇಳಿದ್ರೇನೇ ಈಗ ಗಾಢ ನಿದ್ದೆ ಬರೋದು." ಎಬ್ಬಿಸೋ ಯಂತ್ರವನ್ನು ಅವಳು ಮಲಗಿಸೋ ಯಂತ್ರ ಮಾಡಿಕೊಂಡಿದ್ದಾಳೆ. ಕೈಪಿಡಿಯಲ್ಲಿ ಈ ಉಪಯೋಗ ಬರೆದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಜಾಹೀರಾತು ಆಗ್ತಿತ್ತು. ಕಳೆದ ಆಷಾಢದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಅಮ್ಮ ನನಗೆ ಮೂರು ಸಲ ಫೋನ್ ಮಾಡಿದ್ದಾರೆ. ಫೋನು ಹಾಲಲ್ಲಿ, ಸೈಲೆಂಟಲ್ಲಿ. ಹೆಂಡತಿ ಪಕ್ಕದ ರೂಮಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿ. ಆರಕ್ಕೆ ನಾದಸ್ವರ ಕೇಳಿ ಎದ್ದು, ಹಲ್ಲುಜ್ಜಿ, ಕಾಫಿ ಮಾಡಿಕೊಂಡು, ಆರೂಮುಕ್ಕಾಲಿಗೆ ನಿಧಾನವಾಗಿ ಫೋನ್ ತೆಗೆದು ನೋಡಿದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಣಿಕಟ್ಟಿಗೆ ಪಟ್ಟಿ ಹಾಕಿಸಿ, ಮನೆಗೆ ತಂದು ಬಿಟ್ಟೂ ಆಗಿತ್ತು. ಅಮ್ಮ ಬೈಯಲಿಲ್ಲ. "ರೇಡಿಯೋ ಇಟ್ಕೊಂಡು ಮಲಗ್ತೀಯಂತಲ್ಲ ಕಣೋ, ನಿನ್ನ ಹೆಂಡ್ತಿ ಹೇಳಿದ್ಲು. ಒಳ್ಳೇದು ಬಿಡು" ಅಂದರು. ಆ 'ಒಳ್ಳೇದು ಬಿಡು' ಇದೆಯಲ್ಲ, ಬೈದಿದ್ದರೇ ವಾಸಿಯಿತ್ತು.

ಎರಡು ಗಂಟೆಗೆ ನನಗೆ ಗೊತ್ತಾಗಿದ್ದರೂ ಕುಂದಲಹಳ್ಳಿಯಿಂದ ತಿಪಟೂರಿಗೆ ಮೂರು ನಾಲ್ಕು ಗಂಟೆ ದಾರಿ, ನಾನು ಹೋಗಿ ಮಾಡೋದೇನೂ ಇರಲಿಲ್ಲ ಅಂತ ಲೆಕ್ಕ ಹಾಕಿಕೊಂಡೆ. ಲೆಕ್ಕ ಸರಿಯಾಗೇ ಇದೆ. ಆದರೆ ಅಮ್ಮ ಫೋನ್ ಮಾಡಿದ್ದು ನಾನು ಬರಲಿ ಅಂತಲ್ಲ. ಫೋನನ್ನು ಕೋಣೆಯಿಂದ ಹೊರಹಾಕಿದ್ದಕ್ಕೆ ನನ್ನನ್ನೇ ಮೆಚ್ಚಿಕೊಂಡು ಓಡಾಡ್ತಿದ್ದೆನಲ್ಲ, ಆ ಫೋನಿನಲ್ಲಿ ಆಫೀಸು, ವಾಟ್ಸಾಪು, ಕೆಲಸಕ್ಕೆ ಬಾರದ ವಿಡಿಯೋಗಳ ಜೊತೆ ಅಮ್ಮನೂ ಇದ್ದರು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಕ್ಲಾಕ್ ರೇಡಿಯೋ ಹೇಳುತ್ತೆ, ಕೇಳಲ್ಲ. ಅದರ ನೆಮ್ಮದಿಯೆಲ್ಲ ಇರೋದೇ ಆ ಕಿವುಡಿನಲ್ಲಿ. ಮನೆಯಲ್ಲಿ ವಯಸ್ಸಾದವರು ಇರೋರಿಗೆ ಆ ನೆಮ್ಮದಿ ಪುಕ್ಕಟೆಯಾಗಿ ಸಿಗಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಫೋನು ಹಾಲಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಉಳಿದವರೆಲ್ಲರಿಗೂ ಮೌನ, ಅಮ್ಮ, ಅಪ್ಪ, ಚಿಕ್ಕಪ್ಪನ ಮಗ ಈ ಮೂರು ನಂಬರಿಗೆ ಮಾತ್ರ ಗಂಟೆ, ಅದೂ ಫುಲ್ ವಾಲ್ಯೂಮಲ್ಲಿ. ಬೆಡ್‌ರೂಮಿನ ಬಾಗಿಲು ಪೂರ್ತಿ ಹಾಕಲ್ಲ. ಆನ್-ಕಾಲ್ ಡ್ಯೂಟಿ ಬಿದ್ದ ವಾರ ಆಫೀಸಿನ ನಂಬರೂ ಸೇರಿಕೊಳ್ಳುತ್ತೆ, ಆ ವಾರ ರೇಡಿಯೋ ಇದ್ದೂ ಇಲ್ಲದ ಹಾಗೆ. ತೋಳಿಗೆ ಪಟ್ಟಿ ಇದ್ದಾಗ ಅಪ್ಪ ಒಂದು ದಿನ, "ಏನಪ್ಪಾ, ಅಲ್ಲಿ 612 ಚೆನ್ನಾಗಿ ಎಳೆಯುತ್ತಾ?" ಅಂತ ಕೇಳಿದರು. ಎಳೆಯುತ್ತೆ ಅಂದೆ. ಚಾರ್ಜರ್ ಕಥೆಯನ್ನೂ ಹೇಳಿದೆ. ಅವರಿಗದು ಬಹಳ ಖುಷಿಯಾಯ್ತು, ಮೂರು ಸಲ ಹೇಳಿಸಿಕೊಂಡರು.

ಹಾಗಾದರೆ ತಗೋಬೇಕಾ ಅಂತ ಕೇಳೋರಿಗೆ: ತಗೊಳ್ಳಿ, ಆದರೆ ಅಮೆರಿಕದ್ದು ಬೇಡ. ವಾಲ್ಯೂಮ್ ಎರಡು ಬೇರೆ ಬೇರೆ ಇದೆಯಾ ನೋಡಿ. ಬ್ಯಾಕಪ್ಪಿಗೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಹಾಕೋಕೆ ಮರೀಬೇಡಿ, ಇಲ್ಲದಿದ್ದರೆ ಒಂದು ಸಲ ಕರೆಂಟ್ ಹೋಗಿ ಬಂದರೆ 12:00, 12:00 ಅಂತ ಮಿಟುಕಿಸ್ತಾ ಕೂರುತ್ತೆ. ಬ್ಯಾಟರಿ ಮೇಲೆ ಓಡುವಾಗ ಎಣಿಸೋಕೆ ಗೋಡೆಯ ತಾಳ ಸಿಗದೆ ತನ್ನದೇ ಅಂದಾಜಲ್ಲಿ ನಡೆಯುತ್ತೆ, ಆ ಅಂದಾಜು ಅಷ್ಟಕ್ಕಷ್ಟೇ. ಅಪಾರ್ಟ್‌ಮೆಂಟಿನ ಜನರೇಟರ್ ಇದ್ದರೂ ಪೂರ್ತಿ ನಂಬೋ ಹಾಗಿಲ್ಲ. ರಾತ್ರಿ ಲೋಡ್ ಕಡಿಮೆ ಇದ್ದಾಗ ಅದು 50ಕ್ಕಿಂತ ತುಸು ಜೋರಾಗಿ ತಿರುಗುತ್ತೆ. 51ರಲ್ಲಿ ತಿರುಗಿದರೂ ಗಂಟೆಗೆ 1 ನಿಮಿಷ 12 ಸೆಕೆಂಡ್ ಮುಂದೆ.

ಮೊನ್ನೆ ಮಳೆಗೆ ರಾತ್ರಿ ಮೂರು ಗಂಟೆಗೂ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಬಟನ್ನು ಮುಂದಕ್ಕೆ ಮಾತ್ರ ಓಡೋದಲ್ವಾ, ನಾಲ್ಕು ನಿಮಿಷ ಹಿಂದೆ ಹೋಗೋಕೆ 23 ಗಂಟೆ 56 ನಿಮಿಷ ಒತ್ತಿ ಹಿಡಿಯಬೇಕು. ಮಂಚದ ತುದಿಯಲ್ಲಿ ಕೂತು ಒತ್ತೋಕೆ ಶುರು ಮಾಡಿದೆ. ಹೊದಿಕೆಯೊಳಗಿಂದ ಹೆಂಡತಿ, "ಬಿಡು, ನಾಲ್ಕು ನಿಮಿಷ ಮುಂದೇ ಇರ್ಲಿ" ಅಂದಳು. ಅಷ್ಟು ಹೊತ್ತಿಗೆ ನಾನು ಮಧ್ಯಾಹ್ನ ಎರಡು ಗಂಟೆ ದಾಟಿದ್ದೆ.