ಐತಿಹಾಸಿಕ ಕಥೆಯಲ್ಲಿ ಸತ್ಯ, ಶೌರ್ಯ, ಔಚಿತ್ಯ

ಇತಿಹಾಸವನ್ನು ವಸ್ತುವಾಗಿ ಕೈಗೊಂಡ ಕಾದಂಬರಿಯಾಗಲಿ ಚಲಚ್ಚಿತ್ರವಾಗಲಿ ವಿದ್ಯಾವಂತರ ಮನೆಯನ್ನು ಹೊಕ್ಕೊಡನೆಯೇ ಮೂರು ಪ್ರಶ್ನೆಗಳು ಅದನ್ನು ಎದುರುಗೊಳ್ಳುತ್ತವೆ. ಇದು ನಡೆದುದೇ ಎಂದು ಹಿರಿಯರು ಕೇಳುತ್ತಾರೆ. ಈತನು ನಿಜವಾಗಿ ವೀರನೇ ಎಂದು ತರುಣರು ಕೇಳುತ್ತಾರೆ. ಮಕ್ಕಳನ್ನು ಜೊತೆಯಲ್ಲಿರಿಸಿಕೊಂಡು ಇದನ್ನು ನೋಡಬಹುದೇ ಎಂದು ಗೃಹಿಣಿಯರು ಕೇಳುತ್ತಾರೆ. ಮೂರೂ ನ್ಯಾಯವಾದ ಪ್ರಶ್ನೆಗಳೇ ಸರಿ. ಆದರೆ ಇವುಗಳನ್ನು ಬೇರೆಬೇರೆಯಾಗಿ ಇಟ್ಟು ತೂಗುವುದರಿಂದ ವಿಮರ್ಶೆಯು ದಾರಿ ತಪ್ಪುತ್ತದೆ. ಕಿರೀಟದ ಆಕಾರವನ್ನು ಕುರಿತು ವಾದಿಸುವವರು ಕಥೆಯ ಜೀವವೇ ಮಾರ್ಪಟ್ಟಿರುವುದನ್ನು ಕಾಣರು. ಅಶ್ಲೀಲವೆಂದು ಒಂದು ಪುಟವನ್ನು ಮಡಿಚಿಡುವವರು ಆ ಪುಟವು ಅಲ್ಲಿಗೆ ಏಕೆ ಬಂದಿತೆಂದು ವಿಚಾರಿಸರು.

ಮೊದಲು ಸತ್ಯದ ವಿಚಾರ. ಇದಕ್ಕೆ ದೃಷ್ಟಾಂತವನ್ನು ಹುಡುಕಿ ಬೆಂಗಳೂರಿನ ದಕ್ಷಿಣ ಭಾಗದವರು ದೂರ ಹೋಗಬೇಕಾಗಿಲ್ಲ. ಬೊಮ್ಮನಹಳ್ಳಿಯ ನೆರೆಯಲ್ಲಿಯೇ ಬೇಗೂರು ಇದೆ. ಅಲ್ಲಿ ನಾಗೇಶ್ವರನ ಪ್ರಾಚೀನ ದೇವಾಲಯವಿದೆ. ಕ್ರಿ. ಶ. 890ರ ಸುಮಾರಿನದೆಂದು ವಿದ್ವಾಂಸರು ಎಣಿಸುವ ಅಲ್ಲಿಯ ಒಂದು ಶಿಲಾಶಾಸನವು, ನಾಗತ್ತರನ ಮಗನಾದ ಬುಟ್ಟಣಸೆಟ್ಟಿಯು ಬೆಂಗಳೂರ ಕಾಳಗದಲ್ಲಿ ಮಡಿದನೆಂದು ತಿಳಿಸುತ್ತದೆ. ಬೇಗೂರಿನದೇ ಆದ ಮತ್ತೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಗಂಗರ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ಅಯ್ಯಪದೇವನಿಗೆ ನೆರವಾಗಿ ವೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಕಾದಿ ಸತ್ತುದನ್ನೂ, ಬಳಿಕ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟುದನ್ನೂ ಅದು ನಿರೂಪಿಸುತ್ತದೆ. ಸತ್ತವನು ಯಾರು, ಯಾರ ಪಕ್ಷದಲ್ಲಿ ಕಾದಿದನು, ಯಾವ ಸ್ಥಳದಲ್ಲಿ ಬಿದ್ದನು, ಆತನ ಹಿಂದೆ ಊರು ಯಾರ ಕೈಸೇರಿತು ಎಂಬಷ್ಟನ್ನು ಹೇಳಿ ಕಲ್ಲು ಮೌನವಾಗುತ್ತದೆ.

ಇಷ್ಟಿದ್ದರೂ ಈ ಪ್ರಾಂತದ ಬಾಲಕರನ್ನು ಬೆಂಗಳೂರೆಂಬ ಹೆಸರು ಹೇಗೆ ಬಂದಿತೆಂದು ಕೇಳಿದರೆ, ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟ ಕಥೆಯನ್ನೇ ಹೇಳುತ್ತಾರೆ. ಹೊಯ್ಸಳ ಎರಡನೆಯ ವೀರಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಅವನಿಗೆ ಮುನ್ನೂರು ವರ್ಷಗಳ ಮೊದಲೇ ಹೆಸರು ಕಲ್ಲಿನಲ್ಲಿದ್ದುದರಿಂದ ಕಥೆ ನಿಲ್ಲುವುದಿಲ್ಲ. ಆದರೂ ಅದು ಮಧುರವಾದ ಕಥೆ; ದೊರೆಯ ಹಸಿವನ್ನು ಬಡವಿಯ ಗುಡಿಸಲು ನೀಗಿಸಿತೆಂಬ ಭಾವವು ಅದನ್ನು ಉಳಿಸಿದೆ. ಅದರಿಂದಾದ ಹಾನಿಯಾದರೋ ಬೇರೆ: ಬೆಂಗಳೂರ ಕಾಳಗದಲ್ಲಿ ಮಡಿದವನ ಹೆಸರನ್ನು ಆತನ ಊರಿನ ನೆರೆಹೊರೆಯವರೇ ಅರಿಯದೆ ಹೋದರು. ಕಲ್ಪಿತ ಕಥೆಯು ಬರಿದಾದ ಜಾಗದಲ್ಲಿ ಬೆಳೆದರೆ ಅಲಂಕಾರ. ಸತ್ಯವು ನಿಂತಿದ್ದ ಜಾಗವನ್ನು ಅದು ಆಕ್ರಮಿಸಿದರೆ ನಷ್ಟ.

ಹಾಗಾದರೆ ಕವಿಗೆ ಸ್ವಾತಂತ್ರ್ಯವೇ ಇಲ್ಲವೇ? ಉಂಟು, ಅದನ್ನು ಆಲಂಕಾರಿಕರು ಧಾರಾಳವಾಗಿಯೇ ಕೊಟ್ಟಿದ್ದಾರೆ. ಬೇಗೂರಿನ ಕಲ್ಲುಗಳು ಹುಟ್ಟಿದ ಆ ಒಂಬತ್ತನೆಯ ಶತಮಾನದಲ್ಲಿಯೇ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನ್ಯಾಲೋಕವನ್ನು ರಚಿಸಿದನು. ಪೂರ್ವಪ್ರಸಿದ್ಧವಾದ ಕಥೆಯಲ್ಲಿ ರಸಕ್ಕೆ ಹೊಂದದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು, ರಸಕ್ಕೆ ಒಪ್ಪುವ ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂದೂ, ನಡೆದುದನ್ನು ನಡೆದಂತೆ ಹೇಳುವ ಕೆಲಸಕ್ಕೆ ಇತಿಹಾಸವೇ ಸಾಕೆಂದೂ ಆತನ ಅಭಿಪ್ರಾಯ. ದಶರೂಪಕದ ಧನಂಜಯನೂ, ನಾಯಕನಿಗಾಗಲಿ ರಸಕ್ಕಾಗಲಿ ವಿರುದ್ಧವಾದುದನ್ನು ಬಿಡಬೇಕು ಅಥವಾ ಮಾರ್ಪಡಿಸಬೇಕು ಎನ್ನುತ್ತಾನೆ. ಮಾಯುರಾಜನು ತನ್ನ ಉದಾತ್ತರಾಘವದಲ್ಲಿ ಮರೆಯಿಂದ ವಾಲಿಯನ್ನು ಕೊಂದ ಪ್ರಸಂಗವನ್ನು ಬಿಟ್ಟುಬಿಟ್ಟುದನ್ನು ಅದರ ವ್ಯಾಖ್ಯಾನಕಾರನು ಉದಾಹರಿಸಿದ್ದಾನೆ. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯುಂಟು. ರಸವು ಕೆಡುವುದಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದು ಸಾರಿದವನೂ ಆ ಆನಂದವರ್ಧನನೇ. ಮಾರ್ಪಾಟು ನಾಯಕನನ್ನು ಬೆಳಗಿಸಿದರೆ ಉಚಿತ. ಆತನನ್ನು ಕುಗ್ಗಿಸಿದರೆ ಅನುಚಿತ.

ಈ ಒರೆಗಲ್ಲಿನ ಮೇಲೆ ಕನ್ನಡದ ಒಂದು ಪ್ರಸಿದ್ಧ ಚಿತ್ರವನ್ನು ತಿಕ್ಕಿ ನೋಡಬಹುದು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ, ವಿಜಯ್ ಅವರ ನಿರ್ದೇಶನದಲ್ಲಿ 1975ರಲ್ಲಿ ಬಂದ ‘ಮಯೂರ’ ಚಿತ್ರವು ಕದಂಬರ ಹೆಸರನ್ನೂ ಬನವಾಸಿಯ ಹೆಸರನ್ನೂ ಮನೆಮನೆಗೆ ಒಯ್ದಿತು. ರಾಜಕುಮಾರ್ ಅವರ ಗಂಭೀರವಾದ ನಿಲುವೂ ಶುದ್ಧವಾದ ಉಚ್ಚಾರಣೆಯೂ ಆ ಚಿತ್ರಕ್ಕೆ ಒಂದು ಘನತೆಯನ್ನು ತಂದುವು. ಇದು ಸಣ್ಣ ಉಪಕಾರವಲ್ಲ. ಆದರೆ ತೆರೆಯ ಮೇಲಿನ ಕಥೆಯಲ್ಲಿ ಮಯೂರನು ಬ್ರಾಹ್ಮಣನ ಮನೆಯಲ್ಲಿ ಬೆಳೆದ ಕದಂಬ ರಾಜಕುಮಾರ; ಜನ್ಮರಹಸ್ಯವು ಬಯಲಾದ ಮೇಲೆ ಕಳೆದುಹೋದ ರಾಜ್ಯಕ್ಕಾಗಿ ಹೋರಾಡುತ್ತಾನೆ.

ಶಿಕಾರಿಪುರದ ಸೀಮೆಯ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಕಂಬದ ಶಾಸನವು ಹೇಳುವ ಕಥೆಯೇ ಬೇರೆ. ಶಾಂತಿವರ್ಮನ ಕಾಲದಲ್ಲಿ, ಎಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯು ಅದನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಪ್ರಕಾರ ಮಯೂರಶರ್ಮನು ಮಾನವ್ಯ ಗೋತ್ರದ ವೈದಿಕ ಕುಲದವನು. ಗುರುವಾದ ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರೈಸಲು ಕಾಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾಯಿತು. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ್ದ ಕೈ ಅಂದು ಕತ್ತಿಯನ್ನು ಹಿರಿಯಿತು. ಗಡಿಯ ಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಕಾಡನ್ನು ಹಿಡಿದು, ಬೃಹದ್ಬಾಣರಿಂದ ಕಪ್ಪವನ್ನು ಕೊಂಡನು. ಕಡೆಗೆ ಪಲ್ಲವರೇ ಆತನೊಡನೆ ಸಂಧಿ ಮಾಡಿಕೊಂಡರು. ಅವರ ಸೇವೆಯಲ್ಲಿ ಪರಾಕ್ರಮವನ್ನು ತೋರಿ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನು ಪಟ್ಟಬಂಧದೊಡನೆ ಪಡೆದನು.

ಈ ಎರಡರಲ್ಲಿ ದೊಡ್ಡ ವೀರನು ಯಾರು? ರಾಜಪುತ್ರನು ತನ್ನ ತಂದೆಯ ಸಿಂಹಾಸನವನ್ನು ಮರಳಿ ಪಡೆಯುವುದು ಹಕ್ಕಿನ ಸಾಧನೆ. ರಾಜವಂಶದ ಹಿನ್ನೆಲೆಯೇ ಇಲ್ಲದ ವಿದ್ಯಾರ್ಥಿಯೊಬ್ಬನು ಅವಮಾನವನ್ನು ಸಹಿಸದೆ ಎದ್ದು ರಾಜವಂಶವೊಂದನ್ನು ಸ್ಥಾಪಿಸುವುದು ಪುರುಷಕಾರದ ಸಾಧನೆ. ಚಿತ್ರವು ನಾಯಕನನ್ನು ಮೇಲೆತ್ತಲು ಹೋಗಿ ಕೆಳಕ್ಕಿಳಿಸಿತು. ಹುಟ್ಟು ರಾಜವಂಶದ್ದಾಗದೆ ಶೌರ್ಯವು ಬಾರದೆಂಬ ತಪ್ಪು ಪಾಠವನ್ನು ನೋಡುವ ಬಾಲಕನಿಗೆ ಹೇಳಿಕೊಟ್ಟಿತು.

ತಾಳಗುಂದದ ಶಾಸನವೂ ಪ್ರಶಸ್ತಿಯಲ್ಲವೇ, ಮಯೂರಶರ್ಮನ ತರುವಾಯ ಸುಮಾರು ನೂರು ವರ್ಷಕ್ಕೆ ಬರೆದುದಲ್ಲವೇ, ಅದನ್ನು ನಂಬುವುದೆಂತು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೆ ಹೊಗಳುವ ಕವಿಗೆ ತನ್ನ ದೊರೆಯ ಮೂಲಪುರುಷನನ್ನು ರಾಜಪುತ್ರನೆನ್ನುವುದಕ್ಕಿಂತ ಸುಲಭವಾದುದು ಯಾವುದಿತ್ತು? ಹಾಗೆ ಹೇಳದೆ ವಟುವೊಬ್ಬನ ಜಗಳವನ್ನು ಹೇಳಿದುದರಿಂದಲೇ ಆ ಮಾತಿಗೆ ಬೆಲೆ ಹೆಚ್ಚು. ಶಿವನ ಬೆವರ ಹನಿಯಿಂದ ಕದಂಬವೃಕ್ಷದ ಕೆಳಗೆ ಹುಟ್ಟಿದ ಮುಕ್ಕಣ್ಣನ ಸಂತತಿಯೆಂದು ವಂಶವನ್ನು ಬೆಳೆಸಿದವರು ಬಹುಕಾಲದ ಮೇಲೆ ಬಂದ ಕದಂಬ ಶಾಖೆಗಳ ಶಾಸನಕವಿಗಳು. ಚಿತ್ರವು ತುಳಿದುದು ಕುಬ್ಜನ ದಾರಿಯನ್ನಲ್ಲ, ಈ ಹಿಂದಿನಿಂದ ಬಂದವರ ದಾರಿಯನ್ನು.

ಇದಕ್ಕೆ ಪ್ರತಿಯಾಗಿ ಓಬವ್ವನ ಪ್ರಸಂಗವನ್ನು ಇಡಬಹುದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಐತಿಹಾಸಿಕ ಚಿತ್ರವೇ ಅಲ್ಲ, ತ. ರಾ. ಸುಬ್ಬರಾಯರ ಸಾಮಾಜಿಕ ಕಾದಂಬರಿಗಳಿಂದ ಹುಟ್ಟಿದುದು. ಅದರಲ್ಲಿ ಕೆಲವೇ ನಿಮಿಷ ಬರುವ ಓಬವ್ವನಾಗಿ ಜಯಂತಿಯವರು ಕಾಣಿಸಿಕೊಂಡರು. ಹೈದರನ ಸೈನಿಕರನ್ನು ಕಿಂಡಿಯಲ್ಲಿ ತಡೆದ ಈ ಹೆಂಗಸಿನ ಕಥೆಯು ಮುಖ್ಯವಾಗಿ ಜನರ ನಾಲಗೆಯಲ್ಲಿ ಉಳಿದು ಬಂದುದು. ಬಿದ್ದವರ ಸಂಖ್ಯೆ ಹೇಳುವವರಿಂದ ಹೇಳುವವರಿಗೆ ಬೇರೆಯಾಗುತ್ತದೆ. ಕಲ್ಲು ಮೌನವಾಗಿರುವ ಇಂತಹ ಎಡೆಯಲ್ಲಿ ಕಲ್ಪನೆಗೆ ಪೂರ್ಣವಾದ ಅಧಿಕಾರವುಂಟು. ಪುಟ್ಟಣ್ಣನವರು ಆಕೆಗೆ ರಾಜರಕ್ತವನ್ನು ಹಚ್ಚಲಿಲ್ಲ, ಖಡ್ಗವನ್ನು ಕೊಡಲಿಲ್ಲ. ಕಾವಲುಗಾರನು ಉಣ್ಣುತ್ತಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಅಪಾಯ ಬಂದಾಗ ಕೈಗೆ ಸಿಕ್ಕಿದುದು ಮನೆಯ ಒನಕೆ. ಸ್ರುಕ್ಕು ಹಿಡಿದ ಕೈ ಕತ್ತಿ ಹಿಡಿದಂತೆಯೇ ಭತ್ತ ಕುಟ್ಟುವ ಕೈ ಕೋಟೆಯನ್ನು ಕಾಯಿತು. ಕೋಟೆಯು 1779ರಲ್ಲಿ ಹೈದರನ ವಶವಾಯಿತೆಂಬುದರಿಂದ ಆ ಶೌರ್ಯಕ್ಕೆ ಕುಂದಿಲ್ಲ.

ಇನ್ನು ಆಕ್ಷೇಪಾರ್ಹವಾದ ಭಾಗಗಳ ವಿಚಾರ. ವಧೆ, ಯುದ್ಧ, ಸ್ನಾನ, ಸುರತ ಮುಂತಾದುವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ನಾಟ್ಯಶಾಸ್ತ್ರಜ್ಞರು ವಿಧಿಸಿದರು. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುತ್ತಾನೆ. ಆದುದರಿಂದ ವಿಧಿಗೆ ಅಪವಾದವೂ ಉಂಟು. ಕೇಳಬೇಕಾದುದು ಇಷ್ಟೆ: ಅಲ್ಲಿ ಸವಿಯಲು ಕೊಟ್ಟಿರುವುದು ಯಾವುದು?

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರರಾಜೇಂದ್ರ’ (1956) 1834ರಲ್ಲಿ ಇಂಗ್ಲಿಷರು ಪದಚ್ಯುತನನ್ನಾಗಿ ಮಾಡಿದ ಕೊಡಗಿನ ಕಡೆಯ ಅರಸನ ಕಥೆ. ಅರಸನ ಮದ್ಯಪಾನ, ಸ್ತ್ರೀಲೋಲತೆ, ಕ್ರೌರ್ಯ, ಕುಂಟ ಬಸವನ ಸಹವಾಸ ಯಾವುದನ್ನೂ ಅದು ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ, ಏಕೆಂದರೆ ರಾಜ್ಯವು ಹೋದುದರ ಕಾರಣವೇ ಅದು. ಆದರೆ ಕಾಮವನ್ನು ಓದುಗನು ಚಪ್ಪರಿಸುವಂತೆ ಒಂದು ಎಡೆಯಲ್ಲಿಯೂ ಬರೆದಿಲ್ಲ. ಓದುಗನ ಕಣ್ಣು ರಾಣಿ ಗೌರಮ್ಮಾಜಿಯ ಸಹನೆಯ ಮೇಲೂ ಕೊಡಗಿನ ಮೇಲೂ ನೆಟ್ಟಿರುತ್ತದೆ. ಅನೇಕ ಐತಿಹಾಸಿಕ ಚಿತ್ರಗಳಲ್ಲಿಯಾದರೋ ಶತ್ರುರಾಜನ ವಿಲಾಸವನ್ನು ಬಾಯಲ್ಲಿ ಬೈದು, ಅವನ ಸಭೆಯ ನರ್ತನವನ್ನು ಮಾತ್ರ ದೀರ್ಘವಾಗಿ, ಹತ್ತಿರದಿಂದ, ಪ್ರೇಕ್ಷಕನ ಸಂತೋಷಕ್ಕಾಗಿ ತೋರಿಸುವರು. ಖಂಡನೆಯ ಸೋಗಿನಲ್ಲಿ ಮಾರಾಟವು ನಡೆಯುತ್ತದೆ. ಬಾಲಕರಿಗೆ ‘ಚಿಕವೀರರಾಜೇಂದ್ರ’ವನ್ನು ಹದಿನಾರು ತುಂಬಿದ ಮೇಲೆ ಕೊಡಬಹುದು, ಈ ನರ್ತನಗಳಿಗೆ ಯಾವ ವಯಸ್ಸೂ ತಕ್ಕುದಲ್ಲ.

ಆರಂಭದಲ್ಲಿ ಇದು ಕಲ್ಪಿತವೆಂದು ಒಂದು ವಾಕ್ಯವನ್ನು ಬರೆದರೆ ದೋಷ ತೀರಿತೆಂದು ಕೆಲವರು ತಿಳಿಯುತ್ತಾರೆ. ಭಗವಾನ್ ಗಿಡ್ವಾನಿಯವರ ಕಾದಂಬರಿಯಿಂದ ಮಾಡಿ 1990ರಲ್ಲಿ ದೂರದರ್ಶನವು ಬಿತ್ತರಿಸಿದ ಟಿಪ್ಪು ಸುಲ್ತಾನನ ಧಾರಾವಾಹಿಗೆ, ವಿವಾದವೆದ್ದ ಮೇಲೆ, ಅದು ಟಿಪ್ಪುವಿನ ಜೀವನಕ್ಕೂ ಆಳ್ವಿಕೆಗೂ ಸಂಬಂಧಪಟ್ಟುದಲ್ಲವೆಂಬ ಪ್ರಕಟಣೆಯನ್ನು ಹಚ್ಚಲಾಯಿತು. ಹೆಸರು ಟಿಪ್ಪುವಿನದು, ಸಂಬಂಧ ಮಾತ್ರ ಇಲ್ಲ! ಇಂತಹ ಪ್ರಕಟಣೆಯಿಂದ ಕಾನೂನಿಗೆ ತೃಪ್ತಿಯಾದೀತು, ಸತ್ಯಕ್ಕೆ ಆಗದು.

ಆದುದರಿಂದ ಗೃಹಸ್ಥರು ಕೈಗೊಳ್ಳಬೇಕಾದ ಕ್ರಮವು ಸುಲಭವಾದುದು. ಚಿತ್ರವನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ. ಮಕ್ಕಳು ಹೇಗೂ ನೋಡುವರು. ‘ಮಯೂರ’ವನ್ನು ನೋಡಿ ಬಂದ ಮಕ್ಕಳಿಗೆ ಮಾರನೆಯ ದಿನ ತಾಳಗುಂದದ ಶಾಸನದ ತಾತ್ಪರ್ಯವನ್ನು ಹೇಳಲಿ, ಬೆಂದ ಕಾಳಿನ ಕಥೆಯನ್ನು ಕೇಳಿದವರನ್ನು ಬೇಗೂರಿಗೆ ಕರೆದೊಯ್ಯಲಿ. ಬೊಮ್ಮನಹಳ್ಳಿಯಿಂದ ಅದಕ್ಕೆ ಅರ್ಧ ದಿನವೂ ಬೇಡ. ಬುಟ್ಟಣಸೆಟ್ಟಿಯನ್ನು ಕುರಿತು ಕನ್ನಡದಲ್ಲಿ ಒಳ್ಳೆಯ ಕಾದಂಬರಿಯು ಎಂದಾದರೂ ಹುಟ್ಟುವುದಾದರೆ, ಆ ಕಲ್ಲಿನ ಮುಂದೆ ನಿಂತ ಬಾಲಕನೊಬ್ಬನಿಂದಲೇ ಹುಟ್ಟಬೇಕು.