‘ರಿತ್ಸರ್’ ಪದವೂ ಪುಷ್ಕಿನ್ನನ ಲೋಭಿಯೂ

ಪುಷ್ಕಿನ್ ಕವಿಯು 1830ರ ಶರತ್ಕಾಲದಲ್ಲಿ ಬೋಲ್ದಿನೋ ಗ್ರಾಮದಲ್ಲಿದ್ದಾಗ ಬರೆದ ಕಿರುನಾಟಕಗಳಲ್ಲಿ ‘ಸ್ಕುಪೋಯ್ ರಿತ್ಸರ್’ ಒಂದು. ಇಂಗ್ಲಿಷಿನ ಮೂಲಕ ಅದನ್ನು ಓದುವ ಕನ್ನಡಿಗನು ‘ಲೋಭಿಯಾದ ವೀರ’ ಎಂದು ಹೆಸರನ್ನು ಅರ್ಥೈಸಿಕೊಂಡು ಮುಂದೆ ಸಾಗುವುದು ಸಹಜ. ಆದರೆ ಮುದಿ ಬ್ಯಾರನ್ನನ ಶೌರ್ಯವನ್ನು ನಾಟಕದಲ್ಲಿ ಯಾರೂ ಶಂಕಿಸುವುದಿಲ್ಲ. ಶಂಕೆಗೆ ಒಳಗಾಗುವುದು ಬೇರೊಂದು. ಅದನ್ನು ತಿಳಿಯಲು ‘ರಿತ್ಸರ್’ ಪದದ ಹುಟ್ಟನ್ನು ಅರಸಬೇಕಾಗುತ್ತದೆ.

ಈ ಪದ ರಷ್ಯನ್ನರ ಸ್ವಂತದ್ದಲ್ಲ. ಜರ್ಮನರ ‘ರಿಟರ್’ ಪೋಲಿಷ್ ಭಾಷೆಯಲ್ಲಿ ‘ರಿತ್ಸೆಶ್’ ಆಗಿ, ಅಲ್ಲಿಂದ ರಷ್ಯನ್ನಿಗೆ ಬಂದಿತು. ‘ರಿಟರ್’ ಎಂದರೆ ಮೂಲತಃ ಕುದುರೆ ಸವಾರ, ಅಷ್ಟೆ. ಕಾಲಕ್ರಮದಲ್ಲಿ ಅದು ಸವಾರಿಯ ಅರ್ಥವನ್ನು ‘ರೈಟರ್’ ಎಂಬ ಸೋದರಪದಕ್ಕೆ ಬಿಟ್ಟುಕೊಟ್ಟು ಕುಲ, ಪದವಿ, ಪ್ರತಿಜ್ಞೆಗಳ ಹೆಸರಾಯಿತು. ಕನ್ನಡದ ‘ರಾವುತ’ ನಡೆದದ್ದು ತೀರ ವಿರುದ್ಧವಾದ ದಾರಿಯಲ್ಲಿ: ‘ರಾಜಪುತ್ರ’ನಾಗಿ ಹೊರಟ ಪದ ಕುದುರೆಯಾಳಾಗಿ ನಿಂತಿತು. ಒಂದು ಲಾಯದಿಂದ ಅರಮನೆಗೆ ಏರಿತು, ಇನ್ನೊಂದು ಅರಮನೆಯಿಂದ ಲಾಯಕ್ಕೆ ಇಳಿಯಿತು.

ವೀರನನ್ನು ಕರೆಯಲು ರಷ್ಯನ್ನಿನಲ್ಲಿ ಬೇರೆ ಪದಗಳಿಗೆ ಕೊರತೆಯಿರಲಿಲ್ಲ. ‘ವಿತ್ಯಾಜ್’ ಇತ್ತು, ಜಾನಪದ ಗೀತೆಗಳ ‘ಬೊಗತೀರ್’ ಇತ್ತು. (ತುರ್ಕಿ ಮೂಲದ ಈ ಪದವೇ ಪಾರಸಿಯ ಹಾದಿಯಾಗಿ ಬಂದು ಕನ್ನಡದಲ್ಲಿ ‘ಬಹದ್ದೂರ’ನಾಗಿದೆ.) 1820ರ ‘ರುಸ್ಲಾನ್ ಮತ್ತು ಲ್ಯುದ್ಮೀಲಾ’ ಕಾವ್ಯದಲ್ಲಿ ತರುಣ ಕವಿಯು ವಿತ್ಯಾಜ್, ರಿತ್ಸರ್ ಎರಡನ್ನೂ ಕೀವ್ ರಾಜ್ಯದ ಯೋಧರಿಗೆ ಧಾರಾಳವಾಗಿ ಬಳಸಿದ್ದಾನೆ. ಹತ್ತು ವರ್ಷಗಳ ಅನಂತರದ ಈ ನಾಟಕದ ಹೆಸರಿನಲ್ಲಾದರೋ ಆಯ್ಕೆ ಖಚಿತವಾಗಿದೆ. ಕೋಟೆ, ಪಂದ್ಯ, ಡ್ಯೂಕನ ಆಸ್ಥಾನಗಳ ಕಥೆಗೆ ಪರದೇಶದ ಪದವೇ ಬೇಕಾಯಿತು.

ಮೊದಲ ದೃಶ್ಯವೇ ಸಾಲದ ದೃಶ್ಯ. ಪಂದ್ಯದಲ್ಲಿ ಶಿರಸ್ತ್ರಾಣ ಒಡೆದುದಕ್ಕೆ ಕೆರಳಿ ಎದುರಾಳಿಯನ್ನು ಕೆಡವಿದ ಮಗ ಆಲ್ಬರ್, ತನ್ನ ಪರಾಕ್ರಮಕ್ಕೆ ಕಾರಣ ಜಿಪುಣತನವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಹೊಸದನ್ನು ಕೊಳ್ಳಲು ಹಣವಿಲ್ಲ. ಬಡ್ಡಿ ವ್ಯಾಪಾರಿ ಸೊಲೊಮೋನ್ ಒತ್ತೆ ಕೇಳಿದಾಗ ಆತನು ಮುಂದಿಡುವುದು ರಿತ್ಸರನ ಮಾತನ್ನು. ಸೊಲೊಮೋನನ ಉತ್ತರ ವಿನಯದ್ದು, ಆದರೆ ನಿಷ್ಠುರವಾದುದು: ಆಡಿದವನು ಬದುಕಿರುವ ತನಕ ಆ ಮಾತು ಸಿರಿವಂತರ ಪೆಟ್ಟಿಗೆಗಳನ್ನೆಲ್ಲ ತೆರೆಸೀತು, ಆತನು ಸತ್ತರೆ ಅದು ಕಡಲಿಗೆಸೆದ ಪೆಟ್ಟಿಗೆಯ ಬೀಗದಕೈಯಂತೆ. ಲೇವಾದೇವಿಯನ್ನು ಬಲ್ಲವರಾರೂ ಈ ತರ್ಕವನ್ನು ಅಲ್ಲಗಳೆಯಲಾರರು. ಸೊಲೊಮೋನನನ್ನು ಕೇವಲ ಕುಟಿಲನೆಂದು ಕಾಣುವ ವಿಮರ್ಶೆ ಈ ಮಾತಿನ ತೂಕವನ್ನು ಗಮನಿಸಿಲ್ಲ. ಮಗ ಒತ್ತೆಯಿಡಲು ಹೋದದ್ದು ಕುಲದ ಹೆಸರನ್ನೇ. ಅದಕ್ಕೆ ಪೇಟೆಯಲ್ಲಿರುವ ಬೆಲೆಯನ್ನು ಸೊಲೊಮೋನ್ ಹೇಳಿದ್ದಾನೆ.

ನೆಲಮಾಳಿಗೆಯ ಆರು ಪೆಟ್ಟಿಗೆಗಳ ಮುಂದೆ ತಂದೆ ಆಡುವ ದೀರ್ಘ ಸ್ವಗತವೇ ಹೆಚ್ಚು ಪ್ರಸಿದ್ಧ. ಪದದ ದೃಷ್ಟಿಯಿಂದ ಮುಖ್ಯವಾದುದು ಮೂರನೆಯ ದೃಶ್ಯ. ಡ್ಯೂಕನ ಸಮಕ್ಷಮದಲ್ಲಿ ಮಗ ತಂದೆಯನ್ನು ಸುಳ್ಳುಗಾರನೆನ್ನುತ್ತಾನೆ. ಆಗ ತಂದೆ ಕೇಳುವುದು, ತಾನು ಇನ್ನು ರಿತ್ಸರನಲ್ಲವೇ ಎಂದು. ಕೂಡಲೇ ಕೈಗವಸನ್ನು ಎಸೆಯುತ್ತಾನೆ. ಮಗ ಅದನ್ನು ಎತ್ತಿಕೊಳ್ಳುತ್ತಾನೆ. ಒಂದು ನಾಣ್ಯವನ್ನೂ ಬಿಡದವನು ಪದವಿಯೊಂದಕ್ಕಾಗಿ ಹೆತ್ತ ಮಗನ ಪ್ರಾಣವನ್ನು ಪಣಕ್ಕಿಡುವ ಈ ಗಳಿಗೆಯಲ್ಲಿ ‘ವೀರ’ ಎಂದರೆ ಅರ್ಥ ತಪ್ಪುತ್ತದೆ. ‘ಕ್ಷತ್ರಿಯ’ ಎಂದರೆ ವರ್ಣದ ಪ್ರಶ್ನೆ ಅನಗತ್ಯವಾಗಿ ನುಸುಳುತ್ತದೆ. ‘ಸರದಾರ’ ಎಂಬುದೇ ವಾಸಿ: ಕುದುರೆ ಹೋಗುತ್ತದೆ, ಮರ್ಯಾದೆ ಉಳಿಯುತ್ತದೆ.

ಮರ್ಯಾದೆಗಾಗಿ ಕೈಗವಸು ಎಸೆದ ಅದೇ ಮುದುಕ ಕ್ಷಣಾರ್ಧದಲ್ಲಿ ಕುಸಿದು ಸಾಯುವಾಗ ಕೇಳುವುದು ಬೀಗದಕೈಗಳನ್ನು.