ಚಾರ್ಟಿನಲ್ಲಿ ಓಡೋ ಕಾರ್ಡು ನಮ್ಮ ಮೇಜಿನ ಮೇಲೂ ಓಡುತ್ತಾ?

"ಗುರು, ಗ್ರಾಫಿಕ್ಸ್ ಕಾರ್ಡ್ ಚೇಂಜ್ ಮಾಡ್ಲಾ?" ಅನ್ನೋ ಮೆಸೇಜು ನನ್ನ ಫೋನಿಗೆ ತಿಂಗಳಿಗೆ ಒಂದೆರಡಾದರೂ ಬಂದೇ ಬರುತ್ತೆ. ಕೇಳೋರು ಹೆಚ್ಚುಕಮ್ಮಿ ನನ್ನ ಥರದವರೇ. ಐಟಿ ಕೆಲಸ, ಬಾಡಿಗೆ ಮನೆ, ಹಾಲಿನ ಮೂಲೆಯಲ್ಲೊಂದು ಪಿಸಿ, ವಾರಕ್ಕೆ ಹೆಚ್ಚೆಂದರೆ ನಾಲ್ಕೈದು ಗಂಟೆ ಗೇಮು. ಪ್ರಶ್ನೆ ಕೇಳೋ ಹೊತ್ತಿಗೆ ಎಲ್ಲರೂ ಯೂಟ್ಯೂಬಿನಲ್ಲಿ ಹತ್ತು ರಿವ್ಯೂ ನೋಡಿ ಮುಗಿಸಿರ್ತಾರೆ. ಆದರೂ ಕೇಳ್ತಾರೆ. ಹತ್ತು ರಿವ್ಯೂ ನೋಡಿದ ಮೇಲೂ ಉತ್ತರ ಸಿಕ್ಕಿಲ್ಲ ಅಂದರೆ ತೊಂದರೆ ನೋಡಿದವನಲ್ಲಿದೆಯೋ, ರಿವ್ಯೂನಲ್ಲಿದೆಯೋ? ನನ್ನ ಪ್ರಕಾರ ರಿವ್ಯೂನಲ್ಲೇ. ಅದು ಸುಳ್ಳು ಹೇಳುತ್ತೆ ಅಂತಲ್ಲ, ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತೆ.

ಮೊದಲು ದುಡ್ಡಿನ ಮಾತು. 2025ರ ಮೇನಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 5060ರ ಘೋಷಿತ ಬೆಲೆ 299 ಡಾಲರ್. ಡಾಲರಿಗೆ 87 ರೂಪಾಯಿ ಹಿಡಿದರೂ 26 ಸಾವಿರ. ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 30 ಸಾವಿರ ದಾಟುತ್ತೆ. ಎಸ್‌ಪಿ ರೋಡಿನಲ್ಲಿ ಎಷ್ಟೇ ಚೌಕಾಸಿ ಮಾಡಿದರೂ ಈ ಲೆಕ್ಕದಿಂದ ತುಂಬಾ ದೂರ ಹೋಗಕ್ಕಾಗಲ್ಲ. ನಮ್ಮ ಸಂಬಳದಲ್ಲಿ ಅದು ದೊಡ್ಡದಲ್ಲ ಅಂತ ಕೆಲವರು ಹೇಳ್ತಾರೆ. ಇರಬಹುದು. ಆದರೆ ನಾನು ಬೆಳೆದ ಮನೆಯಲ್ಲಿ 30 ಸಾವಿರ ಅಂದರೆ ಬೋರ್‌ವೆಲ್ ಮೋಟಾರಿನ ದುಡ್ಡು. ಅಪ್ಪನ ಹತ್ತಿರ "ಕಾರ್ಡು ತಗೊಂಡೆ" ಅಂದರೆ "ಅದರಿಂದ ಏನು ಬದಲಾಯ್ತು?" ಅಂತ ಕೇಳ್ತಾನೆ. ಅಪ್ಪನ ಈ ಪ್ರಶ್ನೆಗೆ ಉತ್ತರ ಕೊಡೋ ರಿವ್ಯೂ ನನಗೆ ತುಂಬಾ ಕಮ್ಮಿ ಸಿಕ್ಕಿವೆ.

ರಿವ್ಯೂ ಮಾಡೋರು ಏನು ಮಾಡ್ತಾರೆ ನೋಡಿ. ಮಾರ್ಕೆಟ್ಟಿನಲ್ಲಿರೋ ಅತಿ ವೇಗದ ಪ್ರೊಸೆಸರ್ ತರ್ತಾರೆ, 2025ರಲ್ಲಾದರೆ ಹೆಚ್ಚಾಗಿ ರೈಜನ್ 7 9800ಎಕ್ಸ್3ಡಿ. ಹೊಸ ಮದರ್‌ಬೋರ್ಡ್, ವೇಗದ ರ‍್ಯಾಮ್. ಗೇಮಿನ ಸೆಟ್ಟಿಂಗೆಲ್ಲ ಅಲ್ಟ್ರಾ. ಆಮೇಲೆ ಒಂದೊಂದೇ ಕಾರ್ಡು ಹಾಕಿ ಅಳೀತಾರೆ. ಇದು ಸರಿಯಾದ ವಿಧಾನವೇ. ಕಾರ್ಡನ್ನು ಅಳೆಯಬೇಕಾದರೆ ಬೇರೆ ಯಾವುದೂ ಅಡ್ಡ ಬರಬಾರದು. ಲ್ಯಾಬಿನಲ್ಲಿ ನಾವೂ ಹಾಗೇ ಕಲಿತಿದ್ದು, ಒಂದು ವೇರಿಯಬಲ್ ಬದಲಾಗ್ಬೇಕು, ಉಳಿದದ್ದು ಸ್ಥಿರವಾಗಿರ್ಬೇಕು. ಯಡವಟ್ಟಾಗೋದು ಆ ಚಾರ್ಟನ್ನು ನಾವು ನಮ್ಮ ಮನೆಯ ಭವಿಷ್ಯ ಅಂತ ಓದಿದಾಗ. ನಮ್ಮ ಮನೆಯಲ್ಲಿರೋದು ರೈಜನ್ 5 3600, ಬಿ450 ಬೋರ್ಡ್, 1080ಪಿ ಮಾನಿಟರ್. ಅಲ್ಲಿ ಎಲ್ಲವೂ ಅಡ್ಡ ಬರುತ್ತೆ.

ಬೋರ್‌ವೆಲ್‌ನಲ್ಲಿ ಬರೋದೇ ಒಂದೂವರೆ ಇಂಚು ನೀರು ಅಂದಾಗ 5 ಎಚ್‌ಪಿ ಮೋಟಾರ್ ಎತ್ತಿ 10 ಎಚ್‌ಪಿ ಇಳಿಸಿದರೆ ಪೈಪಿನಲ್ಲಿ ಬರೋದು ಗಾಳಿ. ಊರಲ್ಲಿ ಇದು ಓದದವರಿಗೂ ಗೊತ್ತು. ಗೇಮಿನಲ್ಲೂ ಅಷ್ಟೇ. ಪ್ರತಿ ಫ್ರೇಮಿಗೂ ಮೊದಲು ಪ್ರೊಸೆಸರ್ ಲೆಕ್ಕ ಹಾಕಬೇಕು: ಯಾರು ಎಲ್ಲಿದ್ದಾರೆ, ಯಾವ ಗುಂಡು ಯಾರಿಗೆ ತಾಗ್ತು, ಏನೇನು ಬಿಡಿಸಬೇಕು. ಆಮೇಲೆ ಕಾರ್ಡು ಬಿಡಿಸುತ್ತೆ. ಪ್ರೊಸೆಸರ್ ಸೆಕೆಂಡಿಗೆ 70 ಫ್ರೇಮಿನ ಲೆಕ್ಕ ಮಾತ್ರ ಕೊಡೋಕಾದರೆ, 150 ಬಿಡಿಸೋ ಕಾರ್ಡು ತಂದರೂ ಸಿಗೋದು 70. ಅದರಾಚೆ ಮಾನಿಟರ್ 60 ಹರ್ಟ್ಜ್‌ನದಾದರೆ ಕಣ್ಣಿಗೆ ಕಾಣೋದು ಸೆಕೆಂಡಿಗೆ 60 ಚಿತ್ರ ಮಾತ್ರ.

ಎರಡನೇ ತಕರಾರು ಸರಾಸರಿ ಬಗ್ಗೆ. ಒಂದು ಸೆಕೆಂಡಿನಲ್ಲಿ 59 ಫ್ರೇಮು ತಲಾ 14 ಮಿಲಿಸೆಕೆಂಡಿನಲ್ಲಿ ಬಂತು, ಒಂದೇ ಒಂದು ಫ್ರೇಮಿಗೆ 174 ಮಿಲಿಸೆಕೆಂಡ್ ಹಿಡೀತು ಅಂತ ಇಟ್ಕೊಳ್ಳಿ. ಒಟ್ಟು 1000 ಮಿಲಿಸೆಕೆಂಡ್, 60 ಫ್ರೇಮು. ಚಾರ್ಟಿನಲ್ಲಿ "60 ಎಫ್‌ಪಿಎಸ್" ಅಂತ ಚೆನ್ನಾಗಿ ಕಾಣುತ್ತೆ. ಆಡೋನಿಗೆ ಮಾತ್ರ ಆ ಒಂದು ಫ್ರೇಮಿನಲ್ಲಿ ಗೇಮು ಗಕ್ಕಂತ ನಿಂತ ಹಾಗಾಗುತ್ತೆ. 2011ರಲ್ಲಿ ಟೆಕ್ ರಿಪೋರ್ಟಿನ ಸ್ಕಾಟ್ ವಾಸನ್ ಇದನ್ನೇ ಹಿಡಿದು, ಸೆಕೆಂಡಿನ ಒಳಗೆ ಏನಾಗುತ್ತೆ ನೋಡಿ, ಒಂದೊಂದು ಫ್ರೇಮಿಗೂ ಎಷ್ಟು ಹೊತ್ತಾಯ್ತು ಅಂತ ಅಳೀರಿ ಅಂತ ವಾದಿಸಿದ. ಇವತ್ತು ಒಳ್ಳೇ ರಿವ್ಯೂಗಳಲ್ಲಿ "1 ಪರ್ಸೆಂಟ್ ಲೋ" ಅಂತ ಇನ್ನೊಂದು ಗೆರೆ ಇರುತ್ತಲ್ಲ, ಅದು ಆ ದಾರಿಯಲ್ಲೇ ಬಂದದ್ದು. ಸರಾಸರಿಗಿಂತ ಮೊದಲು ನೋಡಬೇಕಾದ್ದು ಆ ಗೆರೆಯನ್ನ. ಆದರೆ ಥಂಬ್‌ನೇಲಿನಲ್ಲಿ ಬರೋದು ಸರಾಸರಿಯೇ.

ಮೂರನೇದು ಸ್ವಲ್ಪ ದೊಡ್ಡ ವಿಷಯ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆ ಮೇಲೆ ನಿಂತು ಎನ್ವಿಡಿಯಾದ ಜೆನ್ಸೆನ್ ಹುವಾಂಗ್, 549 ಡಾಲರಿನ 5070ರಲ್ಲಿ 4090ರ ಪರ್ಫಾರ್ಮೆನ್ಸ್ ಸಿಗುತ್ತೆ ಅಂದರು. 4090 ಅಂದರೆ 2022ರಲ್ಲಿ 1599 ಡಾಲರಿಗೆ ಬಂದ ಕಾರ್ಡು. ಈ ಲೆಕ್ಕ ಹೇಗೆ ಕೂಡಿ ಬರುತ್ತೆ? ಮಲ್ಟಿ ಫ್ರೇಮ್ ಜನರೇಶನ್‌ನಿಂದ. ನಾಲ್ಕು ಫ್ರೇಮಿನಲ್ಲಿ ಗೇಮು ನಿಜವಾಗಿ ಬಿಡಿಸೋದು ಒಂದು, ನಡುವಿನ ಮೂರನ್ನು ಎಐ ಊಹಿಸಿ ತುಂಬುತ್ತೆ.

ನಮ್ಮೂರ ಡೈರಿಯಲ್ಲಿ ಹಾಲಿನ ದರ ಬರೀ ಲೀಟರಿನ ಮೇಲೆ ನಿಲ್ಲಲ್ಲ. ಫ್ಯಾಟ್ ಎಷ್ಟು ಅಂತ ನೋಡ್ತಾರೆ. ಯಾಕಂದರೆ ಲೀಟರ್ ಹೆಚ್ಚಿಸೋದು ಎಷ್ಟು ಸುಲಭ ಅಂತ ಎಲ್ಲರಿಗೂ ಗೊತ್ತು. ಎಫ್‌ಪಿಎಸ್‌ಗೂ ಈಗ ಅಂಥದ್ದೊಂದು ಫ್ಯಾಟ್ ಟೆಸ್ಟ್ ಬೇಕಾಗಿದೆ. ಹಾಗಂತ ಫ್ರೇಮ್ ಜನರೇಶನ್ ಬರೀ ನೀರು ಅಂದರೆ ಅನ್ಯಾಯವಾಗುತ್ತೆ. ಮೂಲದಲ್ಲೇ 60-70 ಫ್ರೇಮು ಬರ್ತಿದ್ದು, ಕೈಯಲ್ಲಿ 144 ಹರ್ಟ್ಜ್ ಮಾನಿಟರ್ ಇದ್ದರೆ ಚಿತ್ರ ನಿಜಕ್ಕೂ ನುಣುಪಾಗುತ್ತೆ. ಆದರೆ ನಡುವಿನ ಫ್ರೇಮು ಊಹಿಸಬೇಕಾದರೆ ಮುಂದಿನ ಅಸಲಿ ಫ್ರೇಮು ಸಿದ್ಧವಾಗಿ ಕಾಯಬೇಕು. ಹಾಗಾಗಿ ಮೌಸ್ ಅಲ್ಲಾಡಿಸಿದ್ದಕ್ಕೂ ಸ್ಕ್ರೀನ್ ಅಲ್ಲಾಡೋದಕ್ಕೂ ನಡುವಿನ ತಡ ಕಮ್ಮಿಯಾಗಲ್ಲ, ಒಂಚೂರು ಹೆಚ್ಚೇ ಆಗುತ್ತೆ. ಮೂಲ 30 ಫ್ರೇಮು ಇದ್ದದ್ದು 120 ಅಂತ ತೋರಿಸಿದರೂ ಕೈಗೆ ಅದು 30ರ ಭಾರವೇ. ಅಂದರೆ ಚೆನ್ನಾಗಿ ಓಡೋದನ್ನು ಇನ್ನೂ ಚೆನ್ನಾಗಿ ಕಾಣಿಸೋ ತಂತ್ರ ಇದು. ಕುಂಟೋದನ್ನು ಓಡಿಸೋ ತಂತ್ರ ಅಲ್ಲ. ಅಪ್‌ಗ್ರೇಡ್ ಮಾಡೋಕೆ ಹೊರಟವನ ಗೇಮು ಸಾಮಾನ್ಯವಾಗಿ ಕುಂಟ್ತಾ ಇರುತ್ತೆ, ಎಡವಟ್ಟು ಅಲ್ಲೇ.

ಹೆಸರಿನ ಆಟವೂ ಇದೇ ಜಾತಿಯದು. 2022ರಲ್ಲಿ 4080 ಅನ್ನೋ ಒಂದೇ ಹೆಸರಿನಲ್ಲಿ ಎರಡು ಕಾರ್ಡು ಘೋಷಿಸಿದರು, ಒಂದು 16 ಜಿಬಿ, ಇನ್ನೊಂದು 12 ಜಿಬಿ. ವ್ಯತ್ಯಾಸ ಮೆಮೊರಿಯದ್ದು ಮಾತ್ರ ಅಂತ ಕಂಡರೂ ಒಳಗಿನ ಚಿಪ್ಪೇ ಬೇರೆ, 9728 ಕೋರ್ ಒಂದರಲ್ಲಿ, 7680 ಇನ್ನೊಂದರಲ್ಲಿ. ಜನ ಗಲಾಟೆ ಮಾಡಿದ ಮೇಲೆ ಅಕ್ಟೋಬರಿನಲ್ಲಿ 12 ಜಿಬಿಯದ್ದನ್ನು ವಾಪಸ್ ತಗೊಂಡು, 2023ರ ಜನವರಿಯಲ್ಲಿ 4070 ಟಿಐ ಅಂತ ಹೆಸರಿಟ್ಟು 100 ಡಾಲರ್ ಇಳಿಸಿ ತಂದರು. ಚಿಪ್ಪು ಅದೇ, ಹೆಸರು ಬದಲಾದಾಗ ಬೆಲೆಯೂ ಬದಲಾಯ್ತು. ಹಾಗಾಗಿ "3060 ಆದಮೇಲೆ 4060, ಆಮೇಲೆ 5060" ಅನ್ನೋ ಏಣಿಯನ್ನು ನಂಬಿ ಹತ್ತಬಾರದು. 3060ರಲ್ಲಿ 12 ಜಿಬಿ ಮೆಮೊರಿ, 192 ಬಿಟ್ ಬಸ್ಸು. 2023ರ 4060ರಲ್ಲಿ 8 ಜಿಬಿ, 128 ಬಿಟ್. ಹೆಚ್ಚು ಕ್ಲಾಕು, ದೊಡ್ಡ ಕ್ಯಾಶಿನ ಬಲದಿಂದ 4060 ವೇಗವಾಗಿ ಓಡುತ್ತೆ, ಕರೆಂಟೂ ಕಮ್ಮಿ ತಿನ್ನುತ್ತೆ, 170ರ ಬದಲು 115 ವ್ಯಾಟ್. ಇಷ್ಟನ್ನು ಮೆಚ್ಚಬೇಕು. ಆದರೆ ಎರಡು ವರ್ಷದ ನಂತರ ಬಂದ ತಮ್ಮನಿಗೆ ಅಣ್ಣನಿಗಿಂತ ಮೆಮೊರಿ ಕಮ್ಮಿ. 5060ರಲ್ಲೂ ಅದೇ 8 ಜಿಬಿ.

ಇಲ್ಲಿ ರಿವ್ಯೂಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿಸೋ ಒಂದು ಅಂಶ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ್ದು. ಕಾರ್ಡಿನ ಮೆಮೊರಿ ತುಂಬಿದಾಗ ಟೆಕ್ಸ್ಚರ್‌ಗಳು ಕಂಪ್ಯೂಟರಿನ ರ‍್ಯಾಮಿಗೆ ಹೋಗಿ ಬಂದು ಮಾಡ್ಬೇಕಾಗುತ್ತೆ. ಹೋಗಿ ಬರೋ ದಾರಿ ಪಿಸಿಐಇ. 5060ಕ್ಕೆ ಆ ದಾರಿಯಲ್ಲಿರೋದು 16 ಅಲ್ಲ, 8 ಲೇನ್ ಮಾತ್ರ. ಪಿಸಿಐಇ 5.0 ಇರೋ ಹೊಸ ಬೋರ್ಡಿನಲ್ಲಿ 8 ಲೇನ್ ಅಂದರೂ ಸೆಕೆಂಡಿಗೆ ಸುಮಾರು 32 ಜಿಬಿ. ನಮ್ಮ ಬಿ450 ಬೋರ್ಡಿನ ಪಿಸಿಐಇ 3.0ರಲ್ಲಿ ಅದು ಸುಮಾರು 8 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯ ವೇಗ 448 ಜಿಬಿ ಇರೋವಾಗ 8 ಜಿಬಿ ಅಂದರೆ ಹೈವೇಯಿಂದ ಇಳಿದು ಗದ್ದೆ ಬದುವಿನ ಮೇಲೆ ಲಾರಿ ಓಡಿಸಿದ ಹಾಗೆ. ರಿವ್ಯೂ ಮಾಡೋರ ಬೆಂಚು ಹೊಸದು, ಅವರಿಗೆ ಇದು ಅಷ್ಟಾಗಿ ಕಾಣಲ್ಲ. ಹಳೇ ಪಿಸಿಗೆ ಹೊಸ ಕಾರ್ಡು ಹಾಕೋ ನಮಗೆ ಕಾಣುತ್ತೆ. ಯಾರಿಗೋಸ್ಕರ ಈ ಕಡಿಮೆ ಬೆಲೆಯ ಕಾರ್ಡು ಮಾಡಿದ್ದಾರೋ ಅವರ ಬೋರ್ಡಿನಲ್ಲೇ ಅದು ಹೆಚ್ಚು ತಡವರಿಸುತ್ತೆ. ಸಾಲದು ಅಂತ 5060 ಬಂದಾಗ ಹೆಚ್ಚಿನ ಸ್ವತಂತ್ರ ರಿವ್ಯೂಕಾರರಿಗೆ ಡ್ರೈವರ್ ಸಿಕ್ಕಿದ್ದು ಮಾರಾಟ ಶುರುವಾದ ದಿನವೇ. ಮೊದಲ ದಿನ ಕೊಂಡವರು ರಿವ್ಯೂ ಓದಿ ಕೊಂಡವರಲ್ಲ.

ಹಾಗಾದರೆ ಅಪ್‌ಗ್ರೇಡೇ ಬೇಡವಾ? ಹಾಗೇನಿಲ್ಲ. 2016ರ ಜಿಟಿಎಕ್ಸ್ 1060 ಇನ್ನೂ ಇಟ್ಕೊಂಡಿರೋರು ಇದ್ದಾರೆ. ಸ್ಟೀಮ್ ಸರ್ವೇಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಕೂತಿದ್ದ ಕಾರ್ಡು ಅದು, ಕೊಟ್ಟ ದುಡ್ಡಿಗೆ ನಿಯತ್ತಾಗಿ ದುಡಿದಿದೆ. ಆದರೆ 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಗೇಮು, 2025ರ ಡೂಮ್: ದಿ ಡಾರ್ಕ್ ಏಜಸ್ ಎರಡಕ್ಕೂ ಹಾರ್ಡ್‌ವೇರ್ ರೇ ಟ್ರೇಸಿಂಗ್ ಬೇಕೇ ಬೇಕು. 1060ರಲ್ಲಿ ಅದಿಲ್ಲ. ಸೆಟ್ಟಿಂಗ್ ಎಷ್ಟು ಇಳಿಸಿದರೂ ದಾರಿಯಿಲ್ಲ. ಆ ಗೇಮು ಆಡಲೇಬೇಕು ಅನ್ನೋರಿಗೆ ಅಪ್‌ಗ್ರೇಡ್ ನ್ಯಾಯವಾದ ಖರ್ಚು, ಅಪ್ಪನ ಪ್ರಶ್ನೆಗೂ ಉತ್ತರ ಇದೆ: ಆಗದೇ ಇದ್ದದ್ದು ಈಗ ಆಗುತ್ತೆ.

3060 ಇರೋರ ಕತೆ ಬೇರೆ. ನನ್ನ ಹತ್ತಿರ ಇರೋದೂ ಅದೇ. 2025ರ ಜನವರಿಯಲ್ಲಿ ಡಿಎಲ್‌ಎಸ್‌ಎಸ್‌ನ ಹೊಸ ಟ್ರಾನ್ಸ್‌ಫಾರ್ಮರ್ ಮಾದರಿ ಎಲ್ಲ ಆರ್‌ಟಿಎಕ್ಸ್ ಕಾರ್ಡಿಗೂ ಬಂತು, 2018ರ 20 ಸರಣಿಗೂ ಸೇರಿ. ಕಮ್ಮಿ ರೆಸಲ್ಯೂಶನ್‌ನಲ್ಲಿ ಬಿಡಿಸಿ ದೊಡ್ಡದು ಮಾಡೋವಾಗ ಚಿತ್ರ ಮೊದಲಿಗಿಂತ ಸ್ಪಷ್ಟವಾಗಿರುತ್ತೆ. ಒಂದು ರೂಪಾಯಿ ಖರ್ಚಿಲ್ಲದೆ ಬಂದ ಅಪ್‌ಗ್ರೇಡ್ ಇದು. ಇದಕ್ಕೆ ದೊಡ್ಡ ಥಂಬ್‌ನೇಲ್ ಮಾಡಿದ್ದು ಕಮ್ಮಿ, ಮಾರೋಕೆ ಅದರಲ್ಲಿ ಏನೂ ಇಲ್ಲವಲ್ಲ.

ಕೊಳ್ಳೋ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ನಿಮಗೆ ನಿಜವಾಗಲೂ ಬೇಜಾರಾಗ್ತಿರೋ ಗೇಮು ತೆಗೀರಿ, ಬೇಜಾರಾಗೋ ಜಾಗಕ್ಕೇ ಹೋಗಿ. ವಿ-ಸಿಂಕ್ ಆಫ್ ಮಾಡಿ ಎಫ್‌ಪಿಎಸ್ ನೋಡಿ. ಈಗ ರೆಸಲ್ಯೂಶನ್ 720ಪಿಗೆ ಇಳಿಸಿ. ಎಫ್‌ಪಿಎಸ್ ಜಾಸ್ತಿ ಏರಲಿಲ್ಲ ಅಂದರೆ ತೊಂದರೆ ಕಾರ್ಡಿನದ್ದಲ್ಲ, ಹೆಚ್ಚಾಗಿ ಪ್ರೊಸೆಸರಿನದ್ದು. ಚೆನ್ನಾಗಿ ಏರಿದರೆ ಕಾರ್ಡೇ ತಡೀತಿರೋದು. ಆಗಲೂ ಇನ್ನೊಂದು ಹೆಜ್ಜೆ ಬಾಕಿ ಇದೆ. ರೆಸಲ್ಯೂಶನ್ ವಾಪಸ್ 1080ಪಿಗೆ ತಂದು, ಅಲ್ಟ್ರಾ ಬಿಟ್ಟು ಹೈಗೆ ಇಳಿಸಿ, ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಕಮ್ಮಿ ಮಾಡಿ ಅರ್ಧ ಗಂಟೆ ಆಡಿ. ವ್ಯತ್ಯಾಸ ಕಾಣಿಸಿತಾ, ಅಥವಾ ಆಟದಲ್ಲಿ ಮುಳುಗಿ ನೋಡೋದೇ ಮರೆತಿರಾ? ಮರೆತಿದ್ದರೆ 30 ಸಾವಿರ ಉಳೀತು.

ಮರೆಯಲಿಲ್ಲ, ಬೇಕೇ ಬೇಕು ಅನ್ನೋರಿಗೆ ನನ್ನ ಮಾತು ಇಷ್ಟೇ: 2025ರಲ್ಲಿ ಹೊಸದಾಗಿ 8 ಜಿಬಿ ಕಾರ್ಡು ಕೊಳ್ಳಬೇಡಿ. ಎಎಮ್‌ಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯ ಘೋಷಿತ ಬೆಲೆ 349 ಡಾಲರ್, ಮೇಲಿನ ಲೆಕ್ಕದಲ್ಲೇ ಸುಮಾರು 36 ಸಾವಿರ. ಅದರಲ್ಲಿ ಪೂರ್ತಿ 16 ಲೇನ್ ಇದೆ, ಹಳೇ ಬೋರ್ಡಿಗೆ ಅದೇ ಕ್ಷೇಮ. ಡಿಎಲ್‌ಎಸ್‌ಎಸ್ ಬೇಕು ಅನ್ನೋರು 5060 ಟಿಐನ 16 ಜಿಬಿಯದ್ದಕ್ಕೆ ಹೋಗಬೇಕು, 2025ರಲ್ಲಿ ಅದರ ಘೋಷಿತ ಬೆಲೆ 429 ಡಾಲರ್, ಅಂದರೆ 44 ಸಾವಿರ. ಅಷ್ಟು ಇಲ್ಲ ಅಂದರೆ ಕೂಡಿಟ್ಟು ಕಾಯಿರಿ. ನಡುವಿನ ರಾಜಿ ಇಲ್ಲಿ ದುಬಾರಿ ಬೀಳುತ್ತೆ.

ನಾನು ಪರೀಕ್ಷೆ ಮಾಡಿದಾಗ ಸೈಬರ್‌ಪಂಕ್‌ನ ಜನ ತುಂಬಿದ ಬೀದಿಯಲ್ಲಿ 720ಪಿಗೆ ಇಳಿಸಿದರೂ ಎಫ್‌ಪಿಎಸ್ ಹೆಚ್ಚೇನೂ ಏರಲಿಲ್ಲ. ನನ್ನ ಬೋರ್‌ವೆಲ್‌ನಲ್ಲಿ ನೀರೇ ಅಷ್ಟು. ಬಿ450ಗೆ ಕೂರೋ ಒಂದು ಒಳ್ಳೇ ಪ್ರೊಸೆಸರ್, ಅದಕ್ಕೊಂದು ಬಯಾಸ್ ಅಪ್‌ಡೇಟ್, ಇಷ್ಟರಲ್ಲಿ ಮುಗಿಯೋ ಕೆಲಸ. ಸ್ಟೀಮ್ ಲೈಬ್ರರಿಯಲ್ಲಿ ಸೇಲಿನಲ್ಲಿ ತಗೊಂಡು ಒಂದು ಸಲವೂ ತೆರೆಯದ 31 ಗೇಮುಗಳಿವೆ. ಅವುಗಳಲ್ಲಿ 27 ಈಗಿನ ಕಾರ್ಡಿನಲ್ಲಿ ಸಲೀಸಾಗಿ ಓಡುತ್ವೆ ಅಂತ ಅವುಗಳ ಪೇಜಿನಲ್ಲೇ ಬರೆದಿದೆ.